ಚೆಲ್ಲೊ ಕಛೇರಿಗೆ ಮೊದಲ ಸಲ: ಚಪ್ಪಾಳೆ ಯಾವಾಗ, ‘ಭೇಷ್’ ಅನ್ನಬಹುದಾ?

ಹೊಸ ಕೇಳುಗ:
ಶನಿವಾರ ಸಂಜೆ ದೊಮ್ಮಲೂರಿನಲ್ಲಿ ಚೆಲ್ಲೊ (ಪಿಟೀಲಿನ ಜಾತಿಯ ದೊಡ್ಡ ವಾದ್ಯ) ಕಛೇರಿ. ಪಕ್ಕವಾದ್ಯವೇ ಇಲ್ಲ. ಪಾಶ್ಚಾತ್ಯ ಸಂಗೀತದ ರಚನಕಾರ ಬಾಖ್‌ನ 1 ಮತ್ತು 5ನೇ ಸೂಟ್. ನಮ್ಮದು ಕರ್ನಾಟಕ ಸಂಗೀತದ ಕಿವಿ. ತಾಳ ಹಾಕೋದು, ‘ಭೇಷ್’ ಅನ್ನೋದು ನಡೆಯುತ್ತಾ? ತಂಬೂರಿಯೂ ಇಲ್ಲದ ಕಡೆ ಭಾವ ಹಿಡಿಯೋದು ಹೇಗೆ?

ಮಲ್ಲೇಶ್ವರದವರು:
ತಾಳ, ಭೇಷ್ ಎರಡೂ ಬೇಡ. ಮೈಕ್ ಇಲ್ಲದಿದ್ದರೆ ತೊಡೆ ತಟ್ಟಿದ್ದೂ ಮೂರು ಸಾಲು ಆಚೆಗೆ ಕೇಳುತ್ತೆ. ಒಂದು ಸೂಟ್ ಅಂದರೆ ಆರು ಭಾಗ: ಪ್ರೆಲ್ಯೂಡ್ (ಪೀಠಿಕೆ), ಆಮೇಲೆ ನೃತ್ಯದ ನಡೆಗಳಾದ ಅಲ್ಲೆಮಾಂಡ್, ಕುರಾಂಟ್, ಸಾರಾಬಾಂಡ್, ಒಂದು ಜೋಡಿ ನೃತ್ಯ (1ರಲ್ಲಿ ಮಿನುಯೆಟ್, 5ರಲ್ಲಿ ಗವೋಟ್), ಕೊನೆಗೆ ಜೀಗ್. ಜೀಗ್ ಮುಗಿದ ಮೇಲೆ ಚಪ್ಪಾಳೆ. ಎಣಿಕೆ ತಪ್ಪುವುದು ಜೋಡಿ ನೃತ್ಯದಲ್ಲಿ: ಎರಡನೆಯದು ಆದ ಮೇಲೆ ಮೊದಲನೆಯದನ್ನು ಮತ್ತೆ ನುಡಿಸುತ್ತಾರೆ. 5ರ ಪ್ರೆಲ್ಯೂಡಿನಲ್ಲೂ ನಿಧಾನದ ಭಾಗ ಮುಗಿದು ಚುರುಕಿನದು ಶುರುವಾಗುತ್ತೆ, ಅದು ಹೊಸ ಭಾಗವಲ್ಲ. ಸಂದೇಹ ಬಂದರೆ ಬಿಲ್ಲು ನೋಡಿ. ಕೈ ಪೂರ್ತಿ ಇಳಿಯುವವರೆಗೆ ಸುಮ್ಮನಿರಿ.

ಪಿಟೀಲು ಮೇಷ್ಟ್ರು:
ಶ್ರುತಿ ಇಲ್ಲ ಅಂತ ಯಾರಂದರು? 1ರ ಪ್ರೆಲ್ಯೂಡಿನ ಮೊದಲ ನಾಲ್ಕು ಬಾರುಗಳಲ್ಲಿ (ಬಾರ್ ಅಂದರೆ ನಮ್ಮ ಆವರ್ತದ ಹಾಗೆ ಎಣಿಕೆಯ ಒಂದು ಸುತ್ತು) ಕೆಳಗಿನ ‘ಜಿ’ ಸ್ವರ ಕದಲುವುದೇ ಇಲ್ಲ. ಅದನ್ನೇ ಷಡ್ಜ ಅಂದುಕೊಳ್ಳಿ, ಶಂಕರಾಭರಣದ ಸ್ವರಗಳು ಸಿಗುತ್ತವೆ. ಐದನೇ ಬಾರಿನಿಂದ ಆ ನೆಲವೇ ಸರಿಯಲು ಶುರು. ನಮ್ಮ ಕಿವಿಗೆ ತಳಮಳ ಆಗೋದು ಅಲ್ಲಿಯೇ, ಅದನ್ನು ತಪ್ಪು ಅಂದುಕೊಳ್ಳಬೇಡಿ. ಕೊನೆಯಲ್ಲಿ ಪಂಚಮವನ್ನು ಬಿಡದೆ ಹಿಡಿದು, ಅದರ ಮೇಲೆ ಸ್ವರಗಳು ಹನ್ನೆರಡು ಸ್ಥಾನಗಳಲ್ಲಿ ಒಂದನ್ನೂ ಬಿಡದ ಹಾಗೆ ಏರುತ್ತವೆ. ಮತ್ತೆ ಷಡ್ಜಕ್ಕೆ ಬಂದಾಗ ಎದೆ ಹಗುರ. ಎರಡನೇ ಮಿನುಯೆಟ್‌ನಲ್ಲಿ ಅಂತರ ಗಾಂಧಾರ ಹೋಗಿ ಅದಕ್ಕಿಂತ ಒಂದು ಸ್ಥಾನ ತಗ್ಗಿನ ಸಾಧಾರಣ ಗಾಂಧಾರ ಬರುತ್ತೆ. ಅಷ್ಟಕ್ಕೇ ಸಭೆಯ ಬಣ್ಣ ಬದಲಾಗುತ್ತೆ.

5ರ ಸಾರಾಬಾಂಡ್‌ನಲ್ಲಿ ಒಂದು ಜೋಡಿಸ್ವರವೂ ಇಲ್ಲ, ಒಂಟಿ ಸ್ವರಗಳು ಮಾತ್ರ. ಉಳಿದದ್ದನ್ನು ಕೇಳುಗರ ಕಿವಿಯೇ ತುಂಬಿಕೊಳ್ಳಬೇಕು. ಇಡೀ ಸಂಜೆಯಲ್ಲಿ ಇದೊಂದನ್ನು ಕಣ್ಣು ಮುಚ್ಚಿ ಕೇಳಿ. ಮನೆಯಲ್ಲಿ ಎರಡು ಸಲ ಕೇಳಿಕೊಂಡೇ ಹೋದರೆ ಇನ್ನೂ ಒಳ್ಳೆಯದು.

ಬಾಖ್ 5ನೇ ಸೂಟನ್ನು ಬರೆದದ್ದು ಮೇಲಿನ ‘ಎ’ ತಂತಿಯನ್ನು ‘ಜಿ’ಗೆ ಇಳಿಸಿಕೊಂಡು ನುಡಿಸಲಿಕ್ಕೆ. ಈಗ ಎಲ್ಲರೂ ಇಳಿಸುವುದಿಲ್ಲ. ಇಳಿಸಿದರೆ ತಂತಿ ಮೆಲ್ಲಗೆ ಮೇಲಕ್ಕೆ ಜಗ್ಗುತ್ತೆ, ಎಸಿ ಗಾಳಿಯೂ ಸೇರಿದರೆ ಇನ್ನೂ ರಗಳೆ. ನಡುವೆ ಶ್ರುತಿ ಮಾಡಿಕೊಂಡರೆ ಅದನ್ನು ವಿರಾಮ ಅಂತ ತಿಳಿದು ಹರಟಬೇಡಿ.

ಹಳೇ ರೇಡಿಯೊ:
ಚಪ್ಪಾಳೆ ವಿಷಯದಲ್ಲಿ ಇಷ್ಟು ಮಡಿ ಬೇಡಪ್ಪ. 1778ರಲ್ಲಿ ಪ್ಯಾರಿಸ್‌ನಲ್ಲಿ ಜನ ಸಿಂಫನಿಯ (ವಾದ್ಯವೃಂದದ ದೊಡ್ಡ ಕೃತಿ) ನಡುವೆಯೇ ಚಪ್ಪಾಳೆ ಹೊಡೆದರು ಅಂತ ಅದನ್ನು ರಚಿಸಿದ ಮೊಟ್ಸಾರ್ಟ್ ತನ್ನ ಅಪ್ಪನಿಗೆ ಖುಷಿಯಿಂದ ಪತ್ರ ಬರೆದಿದ್ದ.

ಹೊಸ ಕೇಳುಗ:
ಕಣ್ಣಲ್ಲಿ ನೀರು ಬಂದರೆ?

ಮಲ್ಲೇಶ್ವರದವರು:
ಬರಲಿ ಬಿಡಿ, ಒರೆಸಿಕೊಳ್ಳಿ, ಮೂಗು ಮಾತ್ರ ಸೀಟಬೇಡಿ. ಕರ್ಚೀಫು ಚೀಲದೊಳಗಲ್ಲ, ಕೈಯಲ್ಲಿರಲಿ, ಜಿಪ್ಪಿನ ಸದ್ದು ಕೆಟ್ಟದ್ದು. ಕೆಮ್ಮಿನ ಗುಳಿಗೆಯ ಕಾಗದ ಮೊದಲೇ ಬಿಚ್ಚಿಟ್ಟುಕೊಳ್ಳಿ. ಫೋನ್ ವೈಬ್ರೇಟ್‌ನಲ್ಲಿ ಬೇಡ, ಪೂರ್ತಿ ಆಫ್. ಐದರಿಂದ ಎಂಟನೇ ಸಾಲು ಚೆನ್ನ. ತೀರಾ ಮುಂದೆ ಕೂತರೆ ಬಿಲ್ಲಿನ ಉಜ್ಜಾಟವೇ ಜಾಸ್ತಿ. ಶನಿವಾರದ ಟ್ರಾಫಿಕ್ಕಿಗೆ ಸಿಕ್ಕಿ ತಡವಾದರೆ ಮೊದಲ ಸೂಟ್ ಮುಗಿಯುವ ತನಕ ಬಾಗಿಲ ಹೊರಗೇ ನಿಲ್ಲಬೇಕಾಗಬಹುದು, ಅದು 18 ನಿಮಿಷದ ಹತ್ತಿರ.