ಕಪ್ಲಿಂಗ್ ಬಿಡದಿದ್ದರೆ ಸ್ಕ್ರೂಡ್ರೈವರ್ ಹಿಡಿಯಬೇಡ

ನಿನ್ನ ಪ್ರಶ್ನೆಯನ್ನೂ ಫೋಟೋವನ್ನೂ ಈಗಷ್ಟೇ ನೋಡಿದೆನಪ್ಪ. ಬಿಡಿಭಾಗಗಳನ್ನು ಕೊಂಡು ಮನೆಯಲ್ಲೇ ಕಟ್ಟುವ ಕಿಟ್ ಕಾರಿನ ಪೆಟ್ರೋಲ್ ಪೈಪಿಗೆ ಒತ್ತಿ ಕೂರಿಸಿದ ಕಪ್ಲಿಂಗ್, ಅಂದರೆ ಪೈಪಿನ ಜೋಡಣೆ, ಎಷ್ಟು ಎಳೆದರೂ ಬರುತ್ತಿಲ್ಲ, ಸ್ಕ್ರೂಡ್ರೈವರ್ ಹಾಕಿ ಮೀಟಿ ತೆಗೆಯಲೇ ಎಂದು ಕೇಳಿದ್ದೀಯ. ಬೇಡ. ಇದನ್ನು ಪೂರ್ತಿ ಓದುವ ತನಕ ಕಾರಿನ ಹತ್ತಿರವೂ ಹೋಗಬೇಡ. ಮೀಟಿದರೆ ಏನಾಗುತ್ತದೆ ಎಂಬುದು ನಮ್ಮ ಮನೆಯಲ್ಲಿ ನನಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ. ಅನುಮಾನವಿದ್ದರೆ ನಿನ್ನ ದೊಡ್ಡಮ್ಮನನ್ನು ಕೇಳು.

ನಾನು ಆ ಕೆಂಪು ಕಾರನ್ನು ಕಟ್ಟುತ್ತಿದ್ದ ಕಾಲ ನಿಮಗೆಲ್ಲ ನೆನಪಿದ್ದೇ ಇದೆ. ಷಾಸಿ, ಅಂದರೆ ಅಡಿಯ ಚೌಕಟ್ಟು, ಕಿಟ್ಟಿನದು, ಎಂಜಿನ್ ಒಂದು ಹಳೆಯ ಕಾರಿನದು, ಪೈಪುಗಳು ಇನ್ನಾವುದರದೋ. ಹಿಂದಿನ ಸಂಜೆ ಎಂಜಿನ್ ಓಡಿಸಿದ್ದೆ. ರಾತ್ರಿಯಿಡೀ ನಿಂತ ಗಾಡಿಯ ಲೈನಿನಲ್ಲಿ ಒತ್ತಡ ಎಲ್ಲಿ ಉಳಿದಿರುತ್ತದೆ ಎಂದುಕೊಂಡು ಬೆಳಿಗ್ಗೆ ಕಾರಿನ ಕೆಳಗೆ ತೂರಿದೆ. ಪೆಟ್ರೋಲ್ ಹಿಂದಕ್ಕೆ ಹರಿಯದಂತೆ ತಡೆಯುವ ಒಂದು ವಾಲ್ವ್ ಪಂಪಿನೊಳಗೆ ಇರುತ್ತದೆ, ಮರುದಿನ ಎಂಜಿನ್ ತಕ್ಷಣ ಶುರುವಾಗಲೆಂದು ಅದು ಲೈನಿನ ಒತ್ತಡವನ್ನು ಗಂಟೆಗಟ್ಟಲೆ ಹಿಡಿದಿಡುತ್ತದೆ ಎಂಬುದು ನನಗೆ ಆಗ ತಿಳಿದಿರಲಿಲ್ಲ. ಪೆಟ್ರೋಲನ್ನು ಒತ್ತಡದಿಂದ ಸಿಂಪಡಿಸುವ ಇಂಜೆಕ್ಷನ್ ಎಂಜಿನ್ನಿನ ಲೈನಿನಲ್ಲಿ ಸಾಮಾನ್ಯವಾಗಿ 3ರಿಂದ 4 ಬಾರ್ ಒತ್ತಡವಿರುತ್ತದೆ. ಕಾರಿನ ಟೈರಿನೊಳಗಿನ ಗಾಳಿಗಿಂತ ಅದು ಹೆಚ್ಚು.

ಕಪ್ಲಿಂಗಿನ ಪ್ಲಾಸ್ಟಿಕ್ ಲಾಕಿನ ಅಡಿಗೆ ಚಪ್ಪಟೆ ಸ್ಕ್ರೂಡ್ರೈವರ್ ತೂರಿಸಿ ತಿರುಚಿದೆ. ಟಕ್ಕೆಂದು ಲಾಕ್ ಮುರಿಯಿತು, ಪೈಪು ಕೈಯಿಂದ ಜಾರಿತು, ಪೆಟ್ರೋಲ್ ನೇರವಾಗಿ ಎಡಗಣ್ಣಿಗೆ ಹೊಡೆಯಿತು. ಕಣ್ಣು ಕಾಯುವ ಕನ್ನಡಕ ಶರ್ಟಿನ ಜೇಬಿನಲ್ಲಿತ್ತು! ತಲೆಯ ಪಕ್ಕದಲ್ಲೇ ತಂತಿಯ ಜಾಲರಿಯೊಳಗೆ ಹಳೆಯ ಕಾಲದ ಬಲ್ಬ್ ಉರಿಯುತ್ತಿತ್ತು. ಬಿಸಿಯಾದ ಆ ಗಾಜಿನ ಮೇಲೆ ಒಂದೆರಡು ತಣ್ಣನೆಯ ಹನಿ ಬಿದ್ದು ಗಾಜು ಒಡೆದಿದ್ದರೆ ಈ ಮಾತನ್ನು ಬರೆಯಲು ನಾನಿರುತ್ತಿರಲಿಲ್ಲ. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಪೆಟ್ರೋಲ್ ಹತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ, ಆ ಆವಿ ಗಾಳಿಗಿಂತ ಭಾರವಾದ್ದರಿಂದ ನೆಲಕ್ಕೆ ಅಂಟಿಕೊಂಡೇ ಹರಡುತ್ತದೆ, ನಾನು ಮಲಗಿದ್ದದ್ದೂ ನೆಲದ ಮೇಲೆಯೇ. ನಿನ್ನ ದೊಡ್ಡಮ್ಮ ನನ್ನ ಎರಡು ಕಾಲು ಹಿಡಿದು ಹೊರಗೆಳೆದಳು. ಒಳಗಿನ ಸ್ವಿಚ್ ಮುಟ್ಟಿದರೆ ಕಿಡಿ ಹಾರೀತೆಂದು ಹೊರಗೆ ಓಡಿ ಮೇನ್ ಆರಿಸಿದಳು. ಆ ಹೊತ್ತಿನಲ್ಲಿ ಅಷ್ಟು ಬುದ್ಧಿ ನನಗೆ ಹೊಳೆಯಲಿಲ್ಲ. ಆಮೇಲೆ ನಲ್ಲಿಯ ಕೆಳಗೆ ಕಣ್ಣು ಹಿಡಿದು ಕುಳಿತದ್ದು, ವೈದ್ಯರಿಂದ ಬೈಸಿಕೊಂಡದ್ದು ಎಲ್ಲ ನಿಮಗೆ ಗೊತ್ತಿರುವ ಕಥೆ.

ಆದ್ದರಿಂದ ಹೇಳುತ್ತೇನೆ, ಒತ್ತಡ ಇಳಿಸದೆ ಆ ಕಪ್ಲಿಂಗಿಗೆ ಕೈ ಹಚ್ಚಬೇಡ.

ಕಿಟ್ ಮಾರಿದವರಾದರೂ ಇದನ್ನು ಹೇಳಬಾರದಿತ್ತೇ? ಅವರು ಕೊಟ್ಟ ಪುಸ್ತಕದಲ್ಲಿ ಸೀಟಿನ ಹೊದಿಕೆ ಎಳೆದು ಕಟ್ಟುವುದಕ್ಕೆ ಎರಡು ಪುಟ ಮೀಸಲಾಗಿತ್ತು, ಪೆಟ್ರೋಲಿನ ವಿಷಯಕ್ಕೆ ‘ಇಂಧನದ ಪೈಪನ್ನು ಬಿಡಿಸಿ’ ಎಂಬ ಒಂದೇ ಸಾಲು. ಅವರ ಮಾತು ಹಾಗಿರಲಿ, ಮನೆಯವರ ಮಾತು ಹೇಳುತ್ತೇನೆ. ಆ ಘಟನೆಯ ನಂತರ ನಾನು ಕಪ್ಲಿಂಗ್ ಬಿಡಿಸುವ ಪ್ಲಾಸ್ಟಿಕ್ ಉಂಗುರಗಳ ಒಂದು ಸೆಟ್ ಕೊಂಡಿದ್ದೆ, ಅಳತೆಗೊಂದರಂತೆ ಬಣ್ಣ ಬಣ್ಣದ್ದು. ಒಂದು ದಿನದ ಮಟ್ಟಿಗೆ ಎಂದು ಒಯ್ದ ನಿನ್ನ ಅಪ್ಪ ಇಂದಿಗೂ ಅದನ್ನು ಹಿಂದಿರುಗಿಸಿಲ್ಲ. ಕೇಳಿದಾಗಲೆಲ್ಲ ‘ಕೊಟ್ಟಿದ್ದೆನಲ್ಲ ಅಣ್ಣ’ ಎನ್ನುತ್ತಾನೆ. ಕೊಟ್ಟಿಲ್ಲ. ಹಾಗೆ ನೋಡಿದರೆ, ಈಗ ನಿನಗೆ ಬೇಕಾಗಿರುವುದೂ ಅದೇ ಉಂಗುರ.

ತಡೆ, ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಒಳಗೆ ಹಲ್ಲುಗಳಿರುವ ಬಗೆಯ ಕಪ್ಲಿಂಗಿಗೆ ಮಾತ್ರ ಉಂಗುರ ಬೇಕು. ನಿನ್ನದರಲ್ಲಿ ಎರಡೂ ಬದಿಗೆ ಒತ್ತುವ ಲಾಕ್ ಇದೆ, ಬೆರಳೇ ಸಾಕು. ನೀನು ಎಳೆದದ್ದೇ ತಪ್ಪು, ಮೊದಲು ಒಳಕ್ಕೆ ತಳ್ಳಬೇಕು. ಎಳೆದಷ್ಟೂ ಲಾಕ್ ಪೈಪಿನ ಉಬ್ಬಿಗೆ ಇನ್ನಷ್ಟು ಕಚ್ಚಿಕೊಳ್ಳುತ್ತದೆ. ಸಂದಿಯ ಮಣ್ಣನ್ನು ಊದಿ ತೆಗೆದು, ಕಪ್ಲಿಂಗನ್ನು ಪೈಪಿನ ಕಡೆಗೆ ಒತ್ತಿಹಿಡಿದು, ಲಾಕಿನ ಎರಡೂ ಬದಿಯನ್ನು ಒಟ್ಟಿಗೆ ಅದುಮಿ, ಸ್ವಲ್ಪ ಹೊರಳಿಸಿ ನೇರವಾಗಿ ಎಳೆದರೆ ಬರುತ್ತದೆ. ಹೊರಳಿಸುವುದು ಏಕೆಂದರೆ ಒಳಗಿನ ಓ-ರಿಂಗ್, ಅಂದರೆ ಸೋರದಂತೆ ತಡೆಯುವ ರಬ್ಬರ್ ಬಳೆ, ಪೈಪಿಗೆ ಅಂಟಿಕೊಂಡಿರುತ್ತದೆ.

ಆದರೆ ಮತ್ತೊಮ್ಮೆ ಹೇಳುತ್ತೇನೆ, ಒತ್ತಡ ಇಳಿಸದೆ ಕೈ ಹಚ್ಚಬೇಡ. ಟ್ಯಾಂಕಿನ ಮುಚ್ಚಳ ತೆರೆ, ಪಂಪಿನ ಫ್ಯೂಸ್ ಕಿತ್ತು ಎಂಜಿನ್ ಶುರುಮಾಡು. ಉಳಿದ ಪೆಟ್ರೋಲ್ ತೀರಿ ತಾನಾಗಿ ನಿಲ್ಲುತ್ತದೆ, ಆಮೇಲೆ ಇನ್ನೂ ಕೆಲವು ಸೆಕೆಂಡು ಸ್ಟಾರ್ಟರ್ ತಿರುಗಿಸು. ವೈರಿಂಗ್ ನೀನೇ ಮಾಡಿದ್ದು, ಆದ್ದರಿಂದ ಫ್ಯೂಸ್ ಪೆಟ್ಟಿಗೆಯ ಚೀಟಿಯನ್ನು ನಂಬಬೇಡ. ಕೀಲಿ ತಿರುಗಿಸಿದಾಗ ಪಂಪಿನ ಗುಂಯ್ ಎಂಬ ಸದ್ದು ನಿಂತಿದೆಯೇ ಕೇಳು. ಬ್ಯಾಟರಿಯ ಮೈನಸ್ ತಂತಿ ಬಿಚ್ಚು, ಕನ್ನಡಕ ಹಾಕಿಕೋ, ಕಪ್ಲಿಂಗಿಗೆ ಬಟ್ಟೆ ಸುತ್ತು. ಟ್ಯಾಂಕ್ ಕಪ್ಲಿಂಗಿಗಿಂತ ಎತ್ತರದಲ್ಲಿದ್ದರೆ ಒತ್ತಡ ಇಳಿದರೂ ಪೆಟ್ರೋಲ್ ಸುರಿಯುತ್ತಲೇ ಇರಬಹುದು, ಪೈಪಿನ ಬಾಯಿಗೆ ಬಿರಡೆ ಕೈಯಲ್ಲಿರಲಿ.

ಮತ್ತೆ ಜೋಡಿಸುವಾಗ ಪೈಪಿನ ತುದಿಗೆ ಒಂದು ಹನಿ ಶುದ್ಧ ಎಂಜಿನ್ ಆಯಿಲ್ ಸವರಿ, ಕ್ಲಿಕ್ ಎನ್ನುವ ತನಕ ಒತ್ತಿ, ಹಿಂದಕ್ಕೆ ಎಳೆದು ನೋಡು. ಫ್ಯೂಸನ್ನೂ ಬ್ಯಾಟರಿಯ ತಂತಿಯನ್ನೂ ಮತ್ತೆ ಹಾಕಿ, ಎಂಜಿನ್ ಶುರುಮಾಡುವ ಮೊದಲು ಲೈನಿಗೆ ಒತ್ತಡ ಬರಲೆಂದು ಎರಡು ಮೂರು ಬಾರಿ ಕೀಲಿ ಮಾತ್ರ ತಿರುಗಿಸಿ, ಜಾಯಿಂಟನ್ನು ಒಣ ಕಾಗದದಿಂದ ಒರೆಸಿ ಪರೀಕ್ಷಿಸು. ಹಾಗೆಯೇ ನಿನ್ನ ಅಪ್ಪನ ಟೂಲ್ ಪೆಟ್ಟಿಗೆಯ ಕೆಳಗಿನ ಅರೆಯಲ್ಲಿ ಆ ಉಂಗುರಗಳಿವೆಯೇ ನೋಡಿ ತಿಳಿಸು.