ಪದಚರ್ಚೆ: ಸಾಕ್ಷಿಯೋ, ಸುಳಿವೋ, ಪುರಾವೆಯೋ?

ಪ್ರಶ್ನೆ: ಮೈಸೂರಿನಲ್ಲಿ ಈಗ ಓಡುತ್ತಿರುವ ಒಂದು ಕೊಲೆ ರಹಸ್ಯದ ಸಿನಿಮಾಕ್ಕೆ ವಿಮರ್ಶೆ ಬರೆಯಬೇಕಿದೆ. ನಾಯಕ ಖಾಸಗಿ ಪತ್ತೇದಾರ. ಕ್ಲೈಮ್ಯಾಕ್ಸಿನಲ್ಲಿ ಅವನು ಜೇಬಿನಿಂದ ಮೆಡಿಕಲ್ ಶಾಪಿನ ಬಿಲ್ಲೊಂದನ್ನು ತೆಗೆದು ಕೊಲೆಗಾರ ಇವನೇ ಎನ್ನುತ್ತಾನೆ. ಆ ಬಿಲ್ಲು ಅಲ್ಲಿಯತನಕ ಒಮ್ಮೆಯೂ ಪರದೆಯ ಮೇಲೆ ಬಂದಿಲ್ಲ. ‘ಸಾಕ್ಷಿಯನ್ನು ಮುಚ್ಚಿಟ್ಟು ಪ್ರೇಕ್ಷಕರಿಗೆ ಮೋಸ ಮಾಡಿದ್ದಾರೆ’ ಎಂದರೆ ಸರಿಯೇ? ಸುಳಿವು, ಕುರುಹು, ಜಾಡು, ಪುರಾವೆ ಇವುಗಳಲ್ಲಿ ಯಾವುದು ಒಪ್ಪುತ್ತದೆ?

ಉತ್ತರ: ‘ಸಾಕ್ಷಿ’ ಇಲ್ಲಿ ಬೇಡ. ಸಾಕ್ಷಿ ಮೊದಲಿಗೆ ಕಣ್ಣಾರೆ ಕಂಡ ಮನುಷ್ಯ. ಅವನು ಕಟಕಟೆಯಲ್ಲಿ ನಿಂತು ಹೇಳಿದ್ದು ಸಾಕ್ಷ್ಯ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಕಾನೂನಿನ ಹೆಸರೂ ಭಾರತೀಯ ಸಾಕ್ಷ್ಯ ಅಧಿನಿಯಮ. ‘ಇದಕ್ಕೆ ಈ ಪತ್ರವೇ ಸಾಕ್ಷಿ’ ಎಂದು ಆಡುವುದುಂಟು, ತಪ್ಪಲ್ಲ. ಆದರೆ ಕೊಲೆಯ ಕಥೆ ಹೇಳುವಾಗ ‘ಸಾಕ್ಷಿಯನ್ನು ಮುಚ್ಚಿಟ್ಟರು’ ಎಂದರೆ ಕಂಡವನೊಬ್ಬನನ್ನು ಬಚ್ಚಿಟ್ಟರು ಎಂದೇ ಓದುಗರು ತಿಳಿದಾರು.

ನಿಮಗೆ ಬೇಕಾದ್ದು ‘ಸುಳಿವು’. ‘ಸುಳಿ’ ಎಂಬ ಧಾತುವಿನಿಂದ ಬಂದದ್ದು. ಸುಳಿದಾಡು ಎನ್ನುವುದೂ ಅದರದೇ. ಯಾರೋ ಇಲ್ಲಿ ಸುಳಿದುಹೋದರು ಎನ್ನುವಷ್ಟನ್ನು ಅದು ಹೇಳುತ್ತದೆ, ಯಾವುದನ್ನೂ ಸಾಬೀತು ಮಾಡುವುದಿಲ್ಲ. ಸಾಬೀತು ಮಾಡುವುದು ‘ಪುರಾವೆ’, ಮರಾಠಿಯಿಂದ ಬಂದ ಮಾತು. ಒಂದೇ ವಸ್ತು ಎರಡೂ ಆಗಬಹುದು, ಹೊತ್ತು ಬೇರೆ ಅಷ್ಟೆ. ಅದೇ ಬಿಲ್ಲು ಇಂಟರ್ವಲ್ಲಿಗೆ ಮುಂಚೆ ಊಟದ ಮೇಜಿನ ಮೇಲೆ ನೀರಿನ ಲೋಟದಡಿ ಕಂಡಿದ್ದರೆ ಸುಳಿವಾಗುತ್ತಿತ್ತು. ಕೊನೆಗೆ ಅದರಲ್ಲಿರುವ ತಾರೀಕು, ಬ್ಯಾಚ್ ನಂಬರನ್ನು ಸತ್ತವರ ಕೋಣೆಯ ಮಾತ್ರೆ ಸ್ಟ್ರಿಪ್ಪಿನ ಜೊತೆ ಹೋಲಿಸಿದಾಗ ಪುರಾವೆ. ಇಂಥ ಸಿನಿಮಾ ನೋಡುವವರು ಪತ್ತೇದಾರನ ಜೊತೆಜೊತೆಗೇ ಲೆಕ್ಕ ಹಾಕುತ್ತಿರುತ್ತಾರೆ. ಅವನ ಕೈಗೆ ಸಿಕ್ಕಿದ್ದು ಅವರ ಕಣ್ಣಿಗೂ ಬೀಳಬೇಕು; ಬೀಳದಿದ್ದರೆ ಎಷ್ಟು ಗಟ್ಟಿ ಪುರಾವೆ ತಂದರೂ ರುಚಿಸದು. ಚಿತ್ರ ಸೋತಿರುವುದು ಇಲ್ಲೇ.

‘ಕುರುಹು’ ಮೈಮೇಲೋ ಜಾಗದಲ್ಲೋ ಉಳಿದ ಗುರುತು: ಕತ್ತಿನ ಸುತ್ತ ಹಗ್ಗದ ಕುರುಹು. ‘ಜಾಡು’ ಸಾಲಾಗಿ ಇರಬೇಕು. ಮಂಡ್ಯದ ನಾಲೆ ಏರಿಯ ಹಸಿ ಮಣ್ಣಿನಲ್ಲಿ ಒಂದೇ ಒಂದು ಹೆಜ್ಜೆ ಮೂಡಿದ್ದರೆ ಕುರುಹು. ಬೈಕಿನ ಚಕ್ರದ ಗೆರೆ ಕಬ್ಬಿನ ಗದ್ದೆಯವರೆಗೂ ಹೋಗಿದ್ದರೆ ಜಾಡು, ಅದನ್ನು ಹಿಡಿದು ಹೋಗಬಹುದು.

ನೋಡುವವರ ದಾರಿ ತಪ್ಪಿಸಲೆಂದೇ ಇಟ್ಟದ್ದಕ್ಕೆ ‘ಹುಸಿ ಸುಳಿವು’ ಚೆನ್ನಾಗಿದೆ. ‘ಸುಳ್ಳು ಸಾಕ್ಷ್ಯ’ ಎನ್ನಬೇಡಿ, ಅದು ಶಿಕ್ಷೆಯಾಗುವ ಅಪರಾಧ.

ಇನ್ನೆರಡು ಕಡೆ ಎಚ್ಚರ. ಪತ್ತೇದಾರ ಎಲ್ಲರನ್ನೂ ನಡುಮನೆಯಲ್ಲಿ ಕೂರಿಸಿಕೊಂಡು ಪ್ರಶ್ನಿಸುವಾಗ ಅವರು ‘ಶಂಕಿತರು’. ‘ಆರೋಪಿ’ ಆಗಲು ಆರೋಪ ಹೊರಿಸಿರಬೇಕು, ‘ಅಪರಾಧಿ’ ಎನ್ನಲು ತೀರ್ಪು ಬರಬೇಕು. ಹಾಗೆಯೇ ಅವನು ‘ಮಹಜರು ಮಾಡಿದ’ ಎಂದು ಬರೆಯಬಾರದು. ಮಹಜರು ಪಂಚರ (ಸಾಕ್ಷಿಗಳಾಗಿ ಕರೆಸಿದವರ) ಸಮ್ಮುಖದಲ್ಲಿ ಪೊಲೀಸರು ಬರೆಸಿ ಸಹಿ ಹಾಕಿಸುವ ದಾಖಲೆ, ಖಾಸಗಿಯವರಿಗೆ ಆ ಅಧಿಕಾರವಿಲ್ಲ. ‘ಜಾಗ ನೋಡಿ ಬಂದ’ ಎಂದರೆ ಸಾಕು.

ನಿಮ್ಮ ವಾಕ್ಯ ಹೀಗಿರಲಿ: ‘ನಡುವೆ ಒಂದು ಸುಳಿವನ್ನೂ ಕೊಡದೆ ಕೊನೆಯಲ್ಲಿ ಪುರಾವೆ ತಂದಿಟ್ಟು ಪ್ರೇಕ್ಷಕರಿಗೆ ಮೋಸ ಮಾಡಿದ್ದಾರೆ.’