ಆಲ್ಟನ್ ಯುನೈಟೆಡ್: ಕಪ್ ಗೆದ್ದ ಸಣ್ಣ ಕ್ಲಬ್ಬಿನ ಜಾಡು ಹಿಡಿಯುವುದು ಹೇಗೆ?

ಪ್ರಶ್ನೆ

ಐರ್ಲೆಂಡಿನ ಸಣ್ಣ ಫುಟ್‌ಬಾಲ್ ಕ್ಲಬ್‌ಗಳ ಬಗ್ಗೆ ಕನ್ನಡ ವಿಕಿಪೀಡಿಯಕ್ಕೆ ಲೇಖನ ಬರೆಯುತ್ತಿದ್ದೇನೆ. ಬೆಲ್‌ಫಾಸ್ಟಿನ ಆಲ್ಟನ್ ಯುನೈಟೆಡ್ 1923ರ ಮಾರ್ಚ್ 17ರಂದು ಡಬ್ಲಿನ್ನಿನ ಡೇಲಿಮೌಂಟ್ ಪಾರ್ಕಿನಲ್ಲಿ ಅಲ್ಲಿನದೇ ಶೆಲ್ಬೋರ್ನ್ ತಂಡವನ್ನು 1–0ರಿಂದ ಸೋಲಿಸಿ ಎಫ್ಎಐ (ಫುಟ್‌ಬಾಲ್ ಅಸೋಸಿಯೇಷನ್ ಆಫ್ ಐರ್ಲೆಂಡ್) ಕಪ್ ಗೆದ್ದಿತು. ದೇಶ ಇಬ್ಭಾಗವಾದ ಮೇಲೂ ಉತ್ತರದ ಕ್ಲಬ್ ದಕ್ಷಿಣದ ಕಪ್ಪಿನಲ್ಲಿ ಆಡಿದ್ದು ಹೇಗೆ? ಆಮೇಲೆ ಅದರ ಹೆಸರು ಪಟ್ಟಿಗಳಲ್ಲಿ ಕಾಣುವುದೇ ಇಲ್ಲ. ಎಲ್ಲಿ ಹುಡುಕಬೇಕು?

ಉತ್ತರ 1

ರಾಜಕೀಯದ ಗಡಿ ಮತ್ತು ಫುಟ್‌ಬಾಲಿನ ಗಡಿ ಒಂದೇ ದಿನ ಬಿದ್ದವಲ್ಲ. ಐರಿಷ್ ಫುಟ್‌ಬಾಲ್ ಅಸೋಸಿಯೇಷನ್ (ಐಎಫ್ಎ) 1880ರ ನವೆಂಬರಿನಲ್ಲಿ ಬೆಲ್‌ಫಾಸ್ಟಿನಲ್ಲಿ ಏಳು ಕ್ಲಬ್‌ಗಳಿಂದ ಹುಟ್ಟಿ, ಇಡೀ ದ್ವೀಪದ ಆಟವನ್ನು ನಡೆಸುತ್ತಿತ್ತು. 1921ರ ಐರಿಷ್ ಕಪ್ ಸೆಮಿಫೈನಲ್‌ನಲ್ಲಿ ಶೆಲ್ಬೋರ್ನ್ ಬೆಲ್‌ಫಾಸ್ಟಿಗೆ ಹೋಗಿ ಗ್ಲೆನಾವನ್ ಜೊತೆ ಡ್ರಾ ಮಾಡಿಕೊಂಡಿತು. ಮರುಪಂದ್ಯ ಡಬ್ಲಿನ್ನಿನಲ್ಲಿ ನಡೆಯಬೇಕಿತ್ತು. ಐಎಫ್ಎ ಅದನ್ನೂ ಬೆಲ್‌ಫಾಸ್ಟಿನಲ್ಲೇ ಇಟ್ಟಿತು, ಶೆಲ್ಬೋರ್ನ್ ಹೋಗಲಿಲ್ಲ. ಅದೇ ವರ್ಷ ಡಬ್ಲಿನ್ನಿನವರು ಎಫ್ಎಐ ಕಟ್ಟಿಕೊಂಡರು.

ಪಶ್ಚಿಮ ಬೆಲ್‌ಫಾಸ್ಟಿನ ರಾಷ್ಟ್ರೀಯವಾದಿ (ಐರ್ಲೆಂಡ್ ಒಂದಾಗಿ ಸ್ವತಂತ್ರವಾಗಬೇಕೆನ್ನುವ) ಬಡಾವಣೆಗಳ ಫಾಲ್ಸ್ ಲೀಗ್ ಐಎಫ್ಎ ಬಿಟ್ಟು ಎಫ್ಎಐ ಜೊತೆ ನಿಂತಿತು. ಆಲ್ಟನ್ ಆ ಲೀಗಿನ ತಂಡ. 1923ರಲ್ಲಿ ಫಿಫಾ ಎಫ್ಎಐಗೆ ಮಾನ್ಯತೆ ಕೊಟ್ಟಾಗ ಅದರ ವ್ಯಾಪ್ತಿ ದಕ್ಷಿಣದ 26 ಕೌಂಟಿಗಳಿಗೆ (ಜಿಲ್ಲೆಗಳಿಗೆ) ಸೀಮಿತವಾಯಿತು. ಬೆಲ್‌ಫಾಸ್ಟಿನ ಕ್ಲಬ್‌ಗಳು ಆ ಕಪ್ಪಿನಿಂದ ಹೊರಗುಳಿದವು. ಗೆದ್ದ ಕಪ್ಪನ್ನು ಮರುವರ್ಷ ಉಳಿಸಿಕೊಳ್ಳುವ ಅವಕಾಶವೇ ಆಲ್ಟನ್‌ಗೆ ಸಿಗಲಿಲ್ಲ. 1924ರಲ್ಲಿ ಕಪ್ ಆಥ್ಲೋನ್ ಟೌನ್ ಪಾಲಾಯಿತು.

ಉತ್ತರ 2

ಹುಡುಕುವುದನ್ನು ಹಳೆಯ ಪತ್ರಿಕೆಗಳಿಂದ ಶುರು ಮಾಡಿ. ಬ್ರಿಟಿಷ್ ನ್ಯೂಸ್‌ಪೇಪರ್ ಆರ್ಕೈವ್ ಮತ್ತು ಐರಿಷ್ ನ್ಯೂಸ್‌ಪೇಪರ್ ಆರ್ಕೈವ್ಸ್ ಎರಡಕ್ಕೂ ಚಂದಾ ಬೇಕು. ಫೈನಲ್ ನಡೆದದ್ದು ಶನಿವಾರ, ಹಾಗಾಗಿ ಮಾರ್ಚ್ 19ರ ಸೋಮವಾರದ ಸಂಚಿಕೆ ಮೊದಲು ತೆರೆಯಿರಿ.

ಕ್ಲಬ್ಬಿನ ಹೆಸರೊಂದನ್ನೇ ಹಾಕಿದರೆ ಅರ್ಧ ತಪ್ಪಿಹೋಗುತ್ತದೆ. ಸ್ಕ್ಯಾನ್ ಆದ ಹಳೆಯ ಅಚ್ಚನ್ನು ಯಂತ್ರ ತಪ್ಪಾಗಿ ಓದುತ್ತದೆ, ಸಣ್ಣ ಅಕ್ಷರದ ಫಲಿತಾಂಶ ಪಟ್ಟಿಯಲ್ಲಂತೂ ಇನ್ನೂ ಹೆಚ್ಚು. ಎದುರಾಳಿಯ ಹೆಸರು, ಮೈದಾನ, ಲೀಗಿನ ಹೆಸರು ಹಾಕಿ, ತಾರೀಕನ್ನು ಒಂದು ವಾರಕ್ಕೆ ಬಿಗಿ ಮಾಡಿ. ‘ಫುಟ್‌ಬಾಲ್’ ಎಂದಷ್ಟೇ ಹುಡುಕಿದರೆ ಗೇಲಿಕ್ ಫುಟ್‌ಬಾಲ್ (ಐರ್ಲೆಂಡಿನದೇ ಬೇರೊಂದು ಆಟ) ರಾಶಿ ರಾಶಿ ಬಂದು ಬೀಳುತ್ತದೆ, ‘ಅಸೋಸಿಯೇಷನ್’ ಸೇರಿಸಿ.

ಐಎಫ್ಎ ದಾಖಲೆಗಳು ಬೆಲ್‌ಫಾಸ್ಟಿನ ಸರ್ಕಾರಿ ದಾಖಲೆ ಕಚೇರಿ ಪ್ರೋನಿಯಲ್ಲಿವೆ, ಎಫ್ಎಐನ ಹಳೆಯ ಕಡತಗಳು ಯೂನಿವರ್ಸಿಟಿ ಕಾಲೇಜ್ ಡಬ್ಲಿನ್ನಿನ ದಾಖಲೆ ವಿಭಾಗದಲ್ಲಿ. ಆಲ್ಟನ್ ಬೆಲ್‌ಫಾಸ್ಟಿನದಾದರೂ 1922–23ಕ್ಕೆ ಡಬ್ಲಿನ್ ಕಡತವೇ ಮೊದಲು.

ಆಟಗಾರರ ಮನೆ, ಕಸುಬು ಬೇಕಿದ್ದರೆ 1911ರ ಜನಗಣತಿ ಉಚಿತವಾಗಿ ನೆಟ್‌ನಲ್ಲಿದೆ. 1921ರಲ್ಲಿ ಐರ್ಲೆಂಡಿನಲ್ಲಿ ಗಣತಿ ನಡೆಯಲೇ ಇಲ್ಲ. ಪತ್ರಿಕೆಗಳು ಸಾಮಾನ್ಯವಾಗಿ ಕುಲನಾಮ ಮಾತ್ರ ಅಚ್ಚು ಹಾಕುತ್ತಿದ್ದವು; ವಿಳಾಸವೋ ವಯಸ್ಸೋ ಹೊಂದದೆ ಒಬ್ಬರನ್ನು ಇವರೇ ಎಂದು ಗುರುತಿಸಬೇಡಿ.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರವಾಯಿತು. ಹಾಗಾದರೆ ‘1923ರಲ್ಲಿ ವಿಸರ್ಜನೆ’ ಎಂದು ಬರೆಯಬಹುದೇ?

ಉತ್ತರ 3

ಬೇಡ. ದೊಡ್ಡ ಟೂರ್ನಿಯ ಪಟ್ಟಿಯಿಂದ ಹೆಸರು ಹೋದ ಮಾತ್ರಕ್ಕೆ ಕ್ಲಬ್ ಮುಚ್ಚಿತು ಎನ್ನಲಾಗದು. ಆಥ್ಲೋನ್ ಟೌನ್ 1928ರಲ್ಲಿ ಲೀಗ್ ಬಿಟ್ಟು, 1969ರಲ್ಲಿ ಮರಳಿ, 1975ರಲ್ಲಿ ಯುಇಎಫ್ಎ ಕಪ್‌ನಲ್ಲಿ ಎಸಿ ಮಿಲಾನ್ ತಂಡವನ್ನು ತನ್ನ ಮೈದಾನದಲ್ಲಿ 0–0ಗೆ ಕಟ್ಟಿಹಾಕಿತು. ನಡುವಿನ ನಾಲ್ಕು ದಶಕವನ್ನು ಲೀಗ್ ಕೋಷ್ಟಕ ನೋಡಿ ಬರೆಯಲು ಹೊರಟವರಿಗೆ ಏನೂ ಸಿಗದು. ‘1923ರ ನಂತರ ಈ ಕಪ್ಪಿನಲ್ಲಿ ಆಡಲಿಲ್ಲ’ ಎಂದರೆ ಸಾಕು.

ಕಾರ್ಖಾನೆ ತಂಡಗಳು ಹೆಸರು ಬದಲಿಸುವುದೂ ಉಂಟು. ಕಾರ್ಕಿನ ಫೋರ್ಡ್ ಕಾರ್ಖಾನೆಯ ಫೋರ್ಡ್‌ಸನ್ಸ್ 1926ರಲ್ಲಿ ಕಪ್ ಗೆದ್ದು, 1930ರಲ್ಲಿ ಕಾರ್ಕ್ ಎಫ್‌ಸಿ ಆಯಿತು. ರೈಲ್ವೆ ಕಾರ್ಮಿಕರ ಡಂಡಾಕ್ ಜಿಎನ್ಆರ್ ಮುಂದೆ ಬರೀ ಡಂಡಾಕ್. ಎರಡು ಹೆಸರಿಗೆ ಎರಡು ಲೇಖನ ಬರೆದರೆ ಒಂದು ಕ್ಲಬ್ಬಿನ ಇತಿಹಾಸ ತುಂಡಾಗುತ್ತದೆ.

ಇನ್ನೊಂದು ಮಾತು. ಅಲ್ಲಿ ‘ಜೂನಿಯರ್’ ಎಂದರೆ ಹುಡುಗರ ತಂಡವಲ್ಲ. ಸೀನಿಯರ್, ಇಂಟರ್‌ಮೀಡಿಯೆಟ್, ಜೂನಿಯರ್ ಎಂಬುದು ವಯಸ್ಕರ ಫುಟ್‌ಬಾಲಿನ ದರ್ಜೆ. ಸಣ್ಣ ಕ್ಲಬ್‌ಗಳ ಬದುಕೆಲ್ಲ ಕಳೆದದ್ದು ಕೆಳಗಿನ ಎರಡು ದರ್ಜೆಗಳಲ್ಲೇ, ಆದ್ದರಿಂದ ಪತ್ರಿಕೆಯ ಆ ಅಂಕಣಗಳನ್ನು ಬಿಡಬೇಡಿ.